ಕಬಡ್ಡಿ ಆಡೋ ಮುಂಚೆ ಎಷ್ಟು ಸೆಕೆಂಡ್ ಸ್ಟ್ರೆಚ್ ಮಾಡಿದ್ರೆ ತೊಡೆ ಹಿಡಿಯಲ್ಲ?

ಮಂಡ್ಯ ಕಡೆ ಹೊನಲು ಬೆಳಕಿನ ಪಂದ್ಯ, ನೀವು ರೈಡರ್, ಒಂದೇ ತೊಡೆ ಹಿಂದುಗಡೆ ಎರಡು ಸಲ ಹಿಡಿದಿದೆ ಅಂತ ಬರೆದಿದ್ದೀರಿ. ನನ್ನದೇ ಜಾತಕ ಓದಿದ ಹಾಗಾಯ್ತು. ಆದ್ರೆ ಸೆಕೆಂಡ್ ಎಣಿಸ್ತಾ ಕೂತ್ರೆ ಮೂರನೇ ಸಲವೂ ಹಿಡಿಯುತ್ತೆ.

ನಾನು ಎಡವಿದ್ದು ಹೊತ್ತಿನ ಲೆಕ್ಕದಲ್ಲಿ. 8 ಗಂಟೆಗೆ ಪಂದ್ಯ ಅಂದ್ರು, ಏಳೂವರೆಗೇ ಓಡಿ ಬೆವರು ಬರಿಸಿಕೊಂಡೆ. ನಮ್ಮ ಕಡೆ ಪಂದ್ಯಾವಳಿ ಯಾವತ್ತು ಹೇಳಿದ ಹೊತ್ತಿಗೆ ಶುರುವಾಗಿದೆ? ಭಾಷಣ, ಸನ್ಮಾನ ಎಲ್ಲ ಮುಗಿದು ನಮ್ಮ ಸರದಿ ಬಂದಾಗ ರಾತ್ರಿ 11, ಸಂಕ್ರಾಂತಿ ಚಳಿ ಬೇರೆ. ಅಲ್ಲಿವರೆಗೂ ಶಾಮಿಯಾನದಲ್ಲಿ ಪ್ಲಾಸ್ಟಿಕ್ ಕುರ್ಚಿ. ಹೆಸರು ಕೂಗಿದ ಮೇಲೆ ಬಗ್ಗಿ ಕಾಲ್ಬೆರಳು ಹಿಡಿದು, ಒಂದೊಂದು ಕಾಲನ್ನೂ ಒಂದೂವರೆ ನಿಮಿಷ ಎಳೆದು ನಿಂತೆ. ಎರಡನೇ ರೈಡಲ್ಲೇ ಬೋನಸ್ ಗೆರೆ ದಾಟೋಕೆ ಕಾಲು ಚಾಚಿದಾಗ ಹಿಂದೆ ಚುರ್ ಅಂತು.

ಕಾಯಿಸಿದ ಮೈ ಕೂತ 15-20 ನಿಮಿಷದಲ್ಲೇ ಆರಿಹೋಗುತ್ತೆ. ಅದರ ಮೇಲೆ ಒಂದೇ ಭಂಗಿಯಲ್ಲಿ ನಿಮಿಷಕ್ಕಿಂತ ಹೆಚ್ಚು ಎಳೆದು ನಿಂತ್ರೆ ಆ ಸ್ನಾಯುವಿನ ಜೋರು ಸ್ವಲ್ಪ ಹೊತ್ತು ತಗ್ಗುತ್ತೆ. ಬೋನಸ್ ತಗೊಳ್ಳೋವಾಗ ಏನಾಗುತ್ತೆ ನೋಡಿ: ಸೊಂಟ ಬಗ್ಗಿದೆ, ಮಂಡಿ ನೆಟ್ಟಗಿದೆ, ಹಿಂದಿನ ಕಾಲು ನೆಲ ಬಿಟ್ಟಿದೆ. ತೊಡೆ ಹಿಂದಿನ ಸ್ನಾಯು ಪೂರ್ತಿ ಉದ್ದವಾಗಿರೋ ಹೊತ್ತಲ್ಲೇ ಚಾಚಿದ ಕಾಲಿಗೆ ಬ್ರೇಕ್ ಹಾಕಬೇಕು. ಅಲ್ಲಿ ಸಾಲದೇ ಬರೋದು ಉದ್ದ ಅಲ್ಲ, ಶಕ್ತಿ.

ಅದಕ್ಕೇ ಗಡಿಯಾರ ನೋಡಬೇಡಿ. ನಿಮಗಿಂತ ಮುಂಚಿನ ಪಂದ್ಯದ ಎರಡನೇ ಅರ್ಧ ಶುರುವಾದಾಗ ಎದ್ದೇಳಿ, ಟ್ರ್ಯಾಕ್ ಪ್ಯಾಂಟ್ ಬಿಚ್ಚಬೇಡಿ. 5 ನಿಮಿಷ ಹಗುರವಾಗಿ ಓಟ, ನಡುನಡುವೆ ಅಡ್ಡಡ್ಡ, ಹಿಂದುಹಿಂದಕ್ಕೆ. ಕಂಬ ಹಿಡಿದು ಕಾಲನ್ನ ಮುಂದೆ-ಹಿಂದೆ 12 ಸಲ, ಪಕ್ಕಕ್ಕೆ 12 ಸಲ ಬೀಸಿ. ಮೊದಮೊದಲು ಮಂಡಿ ಎತ್ತರ ಸಾಕು, ಒದ್ದ ಹಾಗೆ ಬೀಸಬೇಡಿ. ನಡೀತಾ ಲಂಜ್ (ಉದ್ದ ಹೆಜ್ಜೆ ಇಟ್ಟು ಮಂಡಿ ಮಡಚಿ ಇಳಿಯೋದು) ಕಾಲಿಗೆ 8. ಆಮೇಲೆ 20 ಮೀಟರ್ ಮೂರು ಓಟ: ಅರ್ಧ ವೇಗ, ಮುಕ್ಕಾಲು, ಹೆಚ್ಚುಕಡಿಮೆ ಪೂರ್ತಿ. ಕೊನೆಗೆ ಟೋ ಟಚ್ (ಎದುರಾಳಿನ ಮುಟ್ಟೋ ಹಾಗೆ ಕಾಲು ಚಾಚೋದು) ಕಾಲಿಗೆ ಐದೈದು, ಗಿಡ್ಡ ಹೆಜ್ಜೆಯಿಂದ ಉದ್ದಕ್ಕೆ. ಅಂಕಣಕ್ಕೆ ಇಳಿಯೋಕೂ ಇದಕ್ಕೂ 5 ನಿಮಿಷಕ್ಕಿಂತ ಹೆಚ್ಚು ಅಂತರ ಬೀಳಬಾರದು. ಪಂದ್ಯ ಮುಂದಕ್ಕೆ ಹೋಯ್ತೋ, ಓಟ-ಟೋ ಟಚ್ ಇನ್ನೊಮ್ಮೆ. ಮೈಸೂರಿನ ಗರಡಿ ಪೈಲ್ವಾನರು ದಂಡ-ಬಸ್ಕಿ ಹೊಡೆದು ಮೈ ಕಾಯಿಸಿಕೊಳ್ಳದೆ ಪಟ್ಟು ಹಾಕಲ್ಲ. ಕಬಡ್ಡಿಯವರಿಗೇ ಯಾಕೋ ಈ ಸೋಮಾರಿತನ.

ಎಳೆದು ನಿಲ್ಲೋ ಸ್ಟ್ರೆಚ್ ಬೇಕೇ ಅಂದ್ರೆ ಆಟ ಮುಗಿದ ಮೇಲೆ 30 ಸೆಕೆಂಡಿನ ಹಾಗೆ ಎರಡು ಸಲ.

ನಿಜವಾಗಿ ತೊಡೆ ಕಾಯೋದು ನಾರ್ಡಿಕ್ ಅನ್ನೋ ವ್ಯಾಯಾಮ. ಮಡಚಿದ ಗೋಣಿಚೀಲದ ಮೇಲೆ ಮಂಡಿಯೂರಿ. ಜೊತೆಯವನು ಎರಡೂ ಹಿಮ್ಮಡಿ ಗಟ್ಟಿಯಾಗಿ ಅದುಮಿ ಹಿಡೀಲಿ. ಮಂಡಿಯಿಂದ ತಲೆವರೆಗೆ ಒಂದೇ ಗೆರೆಯಲ್ಲಿಟ್ಟು ಆದಷ್ಟು ನಿಧಾನ ಮುಂದಕ್ಕೆ ಬಾಗಿ, ತಡೆಯೋಕಾಗದೇ ಹೋದಾಗ ಅಂಗೈ ಊರಿ, ಕೈಯಲ್ಲೇ ನೂಕಿ ಎದ್ದೇಳಿ. ಮೊದಲ ವಾರ ಒಂದೇ ದಿನ, 5ರಂತೆ ಎರಡು ಸೆಟ್. ಎರಡನೇ ವಾರ ಎರಡು ದಿನ, 6ರಂತೆ ಎರಡು. ಮೂರರಿಂದ ವಾರಕ್ಕೆ ಮೂರು ದಿನ, 6-8ರಂತೆ ಮೂರು ಸೆಟ್. ಹತ್ತು ವಾರದ ಮೇಲೆ ವಾರಕ್ಕೊಂದು ದಿನ ಸಾಕು. ಎಲ್ಲರೂ ಮಾಡೋ ತಪ್ಪು ಒಂದೇ: ಸೊಂಟ ಮಡಚಿ ಪೃಷ್ಠ ಹಿಂದಕ್ಕೆ ತಳ್ಳೋದು. ಹಾಗೆ ಮಾಡಿದ್ರೆ ಭಾರ ತೊಡೆಗೆ ಸರಿಯಾಗಿ ಬೀಳಲ್ಲ. ಶುರುವಿನಲ್ಲಿ ಎರಡು ದಿನ ತೊಡೆ ನೋವು ಬಂದೇ ಬರುತ್ತೆ, ಪಂದ್ಯದ ಹಿಂದಿನ ದಿನ ಮುಟ್ಟಬೇಡಿ. ಫುಟ್‌ಬಾಲ್ ತಂಡಗಳಲ್ಲಿ ಇದನ್ನ ತಪ್ಪದೆ ಮಾಡಿದವರಲ್ಲಿ ಈ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ.

ನಿಮಗೆ ಎರಡು ಸಲ ಹಿಡಿದಿರೋದ್ರಿಂದ ಒಂದು ಮಾತು. ಹಳೇ ಗಾಯವೇ ಹೊಸ ಗಾಯಕ್ಕೆ ದೊಡ್ಡ ಕಾರಣ. ಹಿಡಿದ ಕೂಡಲೇ ಉಳುಕು ತೆಗೆಯೋರ ಹತ್ರ ಹೋಗಿ ಬಿಸಿ ಎಣ್ಣೆ ತಿಕ್ಕಿಸ್ಕೋಬೇಡಿ, ಒಳಗೆ ರಕ್ತ ಹೆಚ್ಚು ಸೋರುತ್ತೆ. ಬಟ್ಟೆ ಸುತ್ತಿದ ಐಸ್ 10-15 ನಿಮಿಷ ಇಡಿ. 'ಟಪ್' ಅಂತ ಸದ್ದು ಕೇಳಿತ್ತು, ತೊಡೆ ನೀಲಿಗಟ್ಟಿದೆ ಅಥವಾ ಕಾಲು ಊರೋಕಾಗ್ತಿಲ್ಲ ಅಂದ್ರೆ ಸೀದಾ ಡಾಕ್ಟರ್ ಹತ್ರ. ನೋವಿಲ್ಲದೆ ಪೂರ್ತಿ ವೇಗದಲ್ಲಿ ಓಡಿ ಗಕ್ಕನೆ ನಿಲ್ಲೋಕೆ ಬರೋವರೆಗೂ ರೈಡ್ ಬೇರೆಯವರಿಗೆ ಬಿಡಿ, ಟೀಮಿನವರು ಎಷ್ಟೇ ಪೀಡಿಸಿದ್ರೂ.