ಚುಕೋಟ್ಕಾ ಕ್ಷೇತ್ರಕ್ಕೆ 2007ರಿಂದ 2016ರವರೆಗೆ ಸಂಸದರೇ ಇರಲಿಲ್ಲವೇ?

ರಷ್ಯಾದ ಈಶಾನ್ಯ ತುದಿಯ ಚುಕೋಟ್ಕಾ ಪ್ರಾಂತ್ಯದಿಂದ ಡೂಮಾಕ್ಕೆ (ರಷ್ಯಾ ಸಂಸತ್ತಿನ ಕೆಳಮನೆ) ಗೆದ್ದವರ ಪಟ್ಟಿಯಲ್ಲಿ 2007ರಿಂದ 2016ರವರೆಗೆ ಹೆಸರೇ ಇಲ್ಲ, ಏನಾದರೂ ತಪ್ಪಾಗಿದೆಯಾ ಎಂದು ಕೇಳಿದ್ದೀರಿ. ಪಟ್ಟಿ ಸರಿಯಾಗಿದೆ. ಆಗ ಕ್ಷೇತ್ರವೇ ಇರಲಿಲ್ಲ.

1993ರಲ್ಲಿ ಡೂಮಾದ 450 ಸೀಟುಗಳಲ್ಲಿ 225 ಕ್ಷೇತ್ರಗಳಿಗೆ, ಉಳಿದ 225 ಪಕ್ಷಗಳ ಪಟ್ಟಿಗೆ (ಪಕ್ಷ ಪಡೆದ ಮತಕ್ಕೆ ತಕ್ಕಂತೆ ಅದರ ಅಭ್ಯರ್ಥಿಗಳಿಗೆ ಸೀಟು) ಎಂದಿತ್ತು. 2007 ಮತ್ತು 2011ರಲ್ಲಿ ಎಲ್ಲಾ 450 ಸೀಟೂ ಪಕ್ಷಗಳ ಪಟ್ಟಿಯಿಂದಲೇ ತುಂಬಿದವು. 2016ರಲ್ಲಿ ಹಳೇ ಪದ್ಧತಿ ವಾಪಸ್ ಬಂತು.

ಆ ಪಟ್ಟಿಯಲ್ಲಿ ನೀವು ನೋಡಿದ ಅಬ್ರಮೋವಿಚ್ ಆ ಪ್ರಸಿದ್ಧ ಶ್ರೀಮಂತರೇನಾ? ಹೌದು, ಅವರೇ! ಇಂಗ್ಲೆಂಡಿನ ಚೆಲ್ಸಿ ಫುಟ್‌ಬಾಲ್ ಕ್ಲಬ್ ಕೊಂಡ ರೋಮನ್ ಅಬ್ರಮೋವಿಚ್ 1999ರಲ್ಲಿ ಇಲ್ಲಿಂದ ಗೆದ್ದರು. ಮರುವರ್ಷವೇ ಅಲ್ಲಿನ ಗವರ್ನರ್ ಆಗಿ ಆಯ್ಕೆಯಾದರು. ಹಾಗಾಗಿ ಮಧ್ಯದಲ್ಲಿ ಸೀಟು ಖಾಲಿಯಾಯ್ತು. ಅವರಿಗಿಂತ ಮೊದಲು, 1993 ಮತ್ತು 1995ರಲ್ಲಿ ಗೆದ್ದವರು ತತ್ಯಾನಾ ನೆಸ್ತೆರೆಂಕೊ. ಆಮೇಲೆ ಹಣಕಾಸು ಇಲಾಖೆಯಲ್ಲಿ ದೊಡ್ಡ ಹುದ್ದೆಗೆ ಹೋದರು.

ಇಡೀ ಪ್ರಾಂತ್ಯದ ಜನಸಂಖ್ಯೆ ಸುಮಾರು 50 ಸಾವಿರ, ಅಷ್ಟೇ. ಆದರೂ ಪ್ರತಿ ಪ್ರಾಂತ್ಯಕ್ಕೂ ಕನಿಷ್ಠ ಒಂದು ಕ್ಷೇತ್ರ ಕೊಡಲೇಬೇಕು ಅಂತ ನಿಯಮ. ಬೇರೆ ಕಡೆ ಒಂದು ಕ್ಷೇತ್ರದಲ್ಲಿ ಲಕ್ಷಗಟ್ಟಲೆ ಮತದಾರರು, ಸ್ವಲ್ಪ ಜಾಸ್ತಿ ಅನ್ಯಾಯವೇ ಅಲ್ವಾ? ದೂರದ ಹಿಮಸಾರಂಗ ಕಾಯುವವರ ಹತ್ತಿರ ಮತಪೆಟ್ಟಿಗೆ ಹೆಲಿಕಾಪ್ಟರ್‌ನಲ್ಲಿ ಮುಂಚೆಯೇ ಹೋಗುತ್ತದೆ. ಚುಕೋಟ್ಕಾದ ರಾಜಧಾನಿ ಅನಾದಿರ್‌ನಲ್ಲಿ ಬೆಳಿಗ್ಗೆ 8ಕ್ಕೆ ಮತಗಟ್ಟೆ ತೆರೆದಾಗ ಮಾಸ್ಕೋದಲ್ಲಿ ಹಿಂದಿನ ರಾತ್ರಿ 11 ಗಂಟೆ.