ಗೊತ್ತಿರುವ ಜ್ವರಕ್ಕೆ ಪರೀಕ್ಷೆ ಏಕೆ?

ಪ್ರಶ್ನೆ: ನಾನು ಗಣಿ ಕೆಲಸದಿಂದ ನಿವೃತ್ತನಾದವನು. ದಕ್ಷಿಣ ಅಮೆರಿಕದ ಗಯಾನಾ ದೇಶದಲ್ಲಿ ಮಲೇರಿಯಾ ಪರೀಕ್ಷೆಯೂ ಔಷಧಿಯೂ ಸರ್ಕಾರದಿಂದ ಉಚಿತವಾಗಿ ಸಿಗುತ್ತಿದ್ದರೂ, ಅಲ್ಲಿನ ಚಿನ್ನದ ಗಣಿಗಳ ಎಷ್ಟೋ ಕಾರ್ಮಿಕರು ರಕ್ತ ತೋರಿಸದೆ ತಾವೇ ಮಾತ್ರೆ ಕೊಂಡು ನುಂಗುತ್ತಾರೆಂದು ಓದಿದೆ. ಇದಕ್ಕೆ ತಿಳಿವಳಿಕೆಯ ಕೊರತೆ ಕಾರಣವೇ?
– ಓದುಗರು, ಸಂಡೂರು

ಉತ್ತರ: ಹಾಗೆ ತೀರ್ಮಾನಿಸಿದರೆ ಆ ಕಾರ್ಮಿಕರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಗಯಾನಾದ ಮಲೇರಿಯಾ ಪ್ರಕರಣಗಳಲ್ಲಿ ಬಹುಪಾಲು ಒಳನಾಡಿನ 1, 7, 8 ಮತ್ತು 9ನೇ ಆಡಳಿತ ಪ್ರದೇಶಗಳಿಂದ ಬರುತ್ತವೆ; ಚಿನ್ನ ತೆಗೆಯುವ ಶಿಬಿರಗಳಿರುವುದೂ ಹೆಚ್ಚಾಗಿ ಅಲ್ಲಿನ ಕಾಡುಗಳಲ್ಲಿಯೇ. ನಾಲ್ಕಾರು ಸಲ ಈ ಜ್ವರದಲ್ಲಿ ಬಿದ್ದು ಎದ್ದವನಿಗೆ ಮೈ ನಡುಗಿ, ತಲೆ ಸಿಡಿದು, ಕೊನೆಗೆ ಬೆವರಿಳಿಯುವ ಕ್ರಮವೆಲ್ಲ ಚೆನ್ನಾಗಿ ಗೊತ್ತಿರುತ್ತದೆ. ಇಷ್ಟು ಪರಿಚಿತವಾದ ಜ್ವರವನ್ನು ಗುರುತಿಸಲು ಇನ್ನೊಬ್ಬರೇಕೆ ಎಂದು ಅವನು ಕೇಳುತ್ತಾನೆ. ನನ್ನ ದೃಷ್ಟಿಯಲ್ಲಿ ಅಪಾಯವಿರುವುದು ಈ ಅನುಭವದ ಧೈರ್ಯದಲ್ಲಿಯೇ.

ಅವನ ಲೆಕ್ಕಾಚಾರವನ್ನೂ ನಾವು ಗೌರವದಿಂದ ನೋಡಬೇಕು. ಪರೀಕ್ಷೆ ಉಚಿತವಾದರೂ ಅಲ್ಲಿಗೆ ತಲುಪುವುದು ಉಚಿತವಲ್ಲ. ದೋಣಿಯಲ್ಲೋ ಕೆಸರಿನ ಕಾಡುದಾರಿಯಲ್ಲೋ ಹೋಗಿಬರಲು ದಿನಗಳೇ ಹಿಡಿಯಬಹುದು. ಸಿಕ್ಕ ಚಿನ್ನದಲ್ಲಿ ಪಾಲು ಪಡೆದು ದುಡಿಯುವವನಿಗೆ ಕೆಲಸಕ್ಕಿಳಿಯದ ದಿನ ಪಾಲೂ ಇಲ್ಲ. ಹಾಗಾಗಿ ಅವನು ಮೊದಲು ಕಹಿ ಸೊಪ್ಪು, ತೊಗಟೆಗಳ ಕಷಾಯ ಕುಡಿಯುತ್ತಾನೆ, ಅದಕ್ಕೂ ಬಗ್ಗದಿದ್ದರೆ ಶಿಬಿರದ ಅಂಗಡಿಯಿಂದ ಮಾತ್ರೆ ತರಿಸುತ್ತಾನೆ.

ಆ ಮಾತ್ರೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಲೇರಿಯಾದ ಹೆಚ್ಚು ಅಪಾಯಕಾರಿ ಬಗೆಯಾದ ಫಾಲ್ಸಿಪಾರಮ್‌ಗೆ ಕೊಡುವ ಆರ್ಟೆಮೆಥರ್-ಲುಮೆಫಾಂಟ್ರಿನ್ ಮಾತ್ರೆಯನ್ನು ವಯಸ್ಕರು ಸಾಮಾನ್ಯವಾಗಿ ಹೊತ್ತಿಗೆ ನಾಲ್ಕರಂತೆ, ದಿನಕ್ಕೆ ಎರಡು ಹೊತ್ತು, ಮೂರು ದಿನ, ಅಂದರೆ ಒಟ್ಟು 24 ನುಂಗಬೇಕು. ಎಂಟು ಮಾತ್ರೆ ಮುಗಿಯುವಷ್ಟರಲ್ಲಿ ಅನೇಕರಿಗೆ ಜ್ವರ ಇಳಿದು, ಹಸಿವಾಗಿ, ಕೆಲಸಕ್ಕೆ ಹೋಗುವಷ್ಟು ಚೈತನ್ಯ ಬಂದಿರುತ್ತದೆ. ಉಳಿದ ಹದಿನಾರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮುಂದಿನ ಜ್ವರಕ್ಕೆಂದು ಎತ್ತಿಡುತ್ತಾರೆ ಅಥವಾ ಪಕ್ಕದ ಜೋಲಿಯಲ್ಲಿ ನರಳುತ್ತಿರುವ ಗೆಳೆಯನಿಗೆ ಕೊಡುತ್ತಾರೆ. ಕೊಡುವವನ ಮನಸ್ಸು ಒಳ್ಳೆಯದೇ ಆದರೂ, ಇಬ್ಬರ ರಕ್ತದಲ್ಲೂ ಪರಾವಲಂಬಿಗಳು ಉಳಿದುಕೊಳ್ಳುವ ಸಾಧ್ಯತೆ ಇರುತ್ತದೆ. 2010ರಲ್ಲಿ ಗಯಾನಾದಲ್ಲಿ ಸಂಗ್ರಹಿಸಿದ ಕೆಲವು ಮಾದರಿಗಳಲ್ಲಿ ಆರ್ಟೆಮಿಸಿನಿನ್ (ಆರ್ಟೆಮೆಥರ್ ಸೇರಿರುವ ಔಷಧಿಗಳ ಗುಂಪು) ನಿರೋಧಕತೆಗೆ, ಅಂದರೆ ಪರಾವಲಂಬಿ ಆ ಔಷಧಿಗೆ ಬಗ್ಗದಿರುವುದಕ್ಕೆ, ಸಂಬಂಧಿಸಿದ ಸಿ580ವೈ ಎಂಬ ಜೀನ್ ರೂಪಾಂತರ ಪತ್ತೆಯಾಗಿತ್ತು ಎಂಬುದನ್ನು ನೆನೆದರೆ, ಅರ್ಧಕ್ಕೆ ಬಿಟ್ಟ ಔಷಧಿ ಕೇವಲ ಒಬ್ಬನ ವಿಷಯವಲ್ಲ ಎಂಬುದು ತಿಳಿಯುತ್ತದೆ.

ಅಲ್ಲಿ ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾವೂ ಇದೆ. ಅದು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮತ್ತೆ ಏಳುವುದರಿಂದ, ಕ್ಲೋರೋಕ್ವಿನ್ ಮಾತ್ರೆಯ ಜೊತೆಗೆ ಸಾಮಾನ್ಯವಾಗಿ 14 ದಿನ ಪ್ರಿಮಾಕ್ವಿನ್ ಮಾತ್ರೆಯೂ ಬೇಕಾಗುತ್ತದೆ. ಈ ಎರಡು ಬಗೆಯ ಮಲೇರಿಯಾಗಳನ್ನೂ, ಡೆಂಗಿಯನ್ನೂ ಎಷ್ಟೇ ಅನುಭವಿಯಾದರೂ ನಡುಕದಿಂದ ಬೇರ್ಪಡಿಸಲಾರ. ಬೆರಳ ತುದಿಯ ಒಂದು ಹನಿ ರಕ್ತವನ್ನು ಪರೀಕ್ಷಾ ಪಟ್ಟಿಗೆ ಹಾಕಿ ಸುಮಾರು 15–20 ನಿಮಿಷ ಕಾದರೆ ಗೆರೆಗಳು ಮೂಡಿ, ಮಲೇರಿಯಾ ಇದೆಯೇ, ಇದ್ದರೆ ಯಾವ ಬಗೆಯದು ಎಂದು ತಿಳಿಸುತ್ತವೆ.

ಆದ್ದರಿಂದ ಕಾರ್ಮಿಕನನ್ನು ದೂರುವ ಬದಲು ಪರೀಕ್ಷೆಯನ್ನೇ ಗಣಿಗೆ ಒಯ್ಯುವುದು ಸರಿಯಾದ ದಾರಿ. ಗಯಾನಾದಲ್ಲಿ ಶಿಬಿರದವರಿಗೇ ಪರೀಕ್ಷೆ ಮಾಡುವ ತರಬೇತಿ ಕೊಡಲಾಗಿದೆ. ಫ್ರಾನ್ಸಿಗೆ ಸೇರಿದ ಬೇರೆಯೇ ಪ್ರದೇಶವಾದ ಫ್ರೆಂಚ್ ಗಯಾನಾದಲ್ಲಿ ಅನಧಿಕೃತವಾಗಿ ಚಿನ್ನ ತೆಗೆಯುವವರು ಪೊಲೀಸರ ಭಯದಿಂದ ಹೊರಬರುವುದಿಲ್ಲವೆಂದು ತಿಳಿದು, 2018ರಿಂದ 2020ರವರೆಗೆ 'ಮಲಾಕಿಟ್' ಯೋಜನೆಯಡಿ ಗಡಿಯಾಚೆ ಬ್ರೆಜಿಲ್ ಮತ್ತು ಸುರಿನಾಮ್‌ಗಳಲ್ಲಿ ಅವರಿಗೆ ತರಬೇತಿ ನೀಡಿ, ಪರೀಕ್ಷಾ ಪಟ್ಟಿಯೂ ಪೂರ್ಣ ಔಷಧಿಯೂ ಇರುವ ಚೀಲವನ್ನು ಉಚಿತವಾಗಿ ಕೊಡಲಾಯಿತು. ಗಣಿ ಶಿಬಿರಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತರನ್ನು ನೆಚ್ಚಿಕೊಂಡ ಸುರಿನಾಮ್, 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಲೇರಿಯಾ ಮುಕ್ತ ದೇಶವೆಂಬ ಪ್ರಮಾಣಪತ್ರ ಪಡೆಯಿತು.

ಪ್ರಶ್ನೆ: ನಮ್ಮ ನೆರೆಯ ಹುಡುಗ ಆಫ್ರಿಕಾದ ಗಣಿಯೊಂದರಿಂದ ರಜೆಗೆ ಬಂದಿದ್ದಾನೆ. ಇಲ್ಲಿ ಜ್ವರ ಬಂದರೆ ಏನು ಮಾಡಬೇಕು?
– ಅದೇ ಓದುಗರು

ಉತ್ತರ: ಅಂದೇ ವೈದ್ಯರ ಬಳಿ ಹೋಗಿ, ಅವರು ಕೇಳುವ ಮೊದಲೇ ತಾನು ಎಲ್ಲಿಂದ ಬಂದೆನೆಂಬುದನ್ನು ಹೇಳಲಿ. ಆಫ್ರಿಕಾದಲ್ಲಿ ಹೆಚ್ಚಾಗಿರುವ ಫಾಲ್ಸಿಪಾರಮ್ ಒಂದೆರಡು ದಿನಗಳಲ್ಲಿಯೇ ವಿಷಮಿಸಬಲ್ಲದು. ಅಲ್ಲಿಂದ ತಂದ ಮಾತ್ರೆಗಳನ್ನು ತಾನಾಗಿಯೇ ನುಂಗಬಾರದು. ಮೊದಲ ರಕ್ತ ಪರೀಕ್ಷೆಯಲ್ಲಿ ಏನೂ ಕಾಣದೆ ಜ್ವರ ಮುಂದುವರಿದರೆ, 12ರಿಂದ 24 ಗಂಟೆಗಳೊಳಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು.