ಚುಚ್ಚಿ ನೋಡಿ, ಆಮೇಲೆ ಅಗೆಯಿರಿ

ಪ್ರಶ್ನೆ: ನಾನು ಪುರಾತತ್ವ ವಿದ್ಯಾರ್ಥಿನಿ. ಆರು ವರ್ಷದಿಂದ ಟೈಪ್ 1 ಡಯಾಬಿಟಿಸ್ ಇದೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಮುಂದಿನ ತಿಂಗಳು ಆರು ವಾರದ ಉತ್ಖನನ ಶಿಬಿರ. ಟೆಂಟಿನಲ್ಲಿ ಫ್ರಿಜ್ ಇರುವುದಿಲ್ಲ. ವಿಷಯ ಹೇಳಿದರೆ ಪಟ್ಟಿಯಿಂದ ಹೆಸರು ತೆಗೆದುಬಿಡುತ್ತಾರೇನೋ ಎಂಬ ಭಯ. ಯಾರಿಗೂ ಹೇಳದೆ ನಿಭಾಯಿಸಬಹುದೇ?

ಉತ್ತರ: ಖಂಡಿತ ಹೋಗಿ. ಆದರೆ ಮುಚ್ಚಿಟ್ಟು ಹೋಗಬೇಡಿ. ನನಗೂ ಟೈಪ್ 1. ಮೊದಲ ಶಿಬಿರದಲ್ಲಿ ನಾನೂ ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ಹನ್ನೊಂದರ ಬಿಸಿಲಲ್ಲಿ ಗುಂಡಿಯ ಗೋಡೆಯ ಮಣ್ಣಿನ ಪದರಗಳನ್ನು ಗ್ರಾಫ್ ಹಾಳೆಗೆ ಇಳಿಸುತ್ತಿದ್ದೆ. ಗೆಳತಿ ಟೇಪ್ ಹಿಡಿದು ಆಳ ಕೂಗುತ್ತಿದ್ದಳು, ನಾನು ಚುಕ್ಕೆ ಇಡುತ್ತಿದ್ದೆ. ಬೆವರು ಹರಿಯುತ್ತಿತ್ತು, ಕೈ ನಡುಗುತ್ತಿತ್ತು. ಬಿಸಿಲಿಗೆ ಅಂದುಕೊಂಡೆ. ಸಂಜೆ ಹಾಳೆ ನೋಡಿದರೆ, ಅವಳು 62 ಅಂದದ್ದು 26ರಲ್ಲಿ ಕೂತಿದೆ! ಬೂದಿ ಪದರದ ಗೆರೆ ಮೇಲಿನ ಜೇಡಿಮಣ್ಣನ್ನೇ ಸೀಳಿಕೊಂಡು ಹೋಗಿದೆ. ಪುಣ್ಯಕ್ಕೆ ಗೋಡೆ ಅಲ್ಲೇ ಇತ್ತು, ಮರುದಿನ ಮತ್ತೆ ಬರೆದೆ. ಅಗೆದು ತೆಗೆದ ಪದರವಾಗಿದ್ದರೆ ವಾಪಸ್ ಇಡಲು ಆಗುತ್ತಿರಲಿಲ್ಲ, ಅಲ್ವಾ?

ಬಿಸಿಲಿನ ಸುಸ್ತು, ಲೋ ಶುಗರ್ ಎರಡೂ ಒಂದೇ ವೇಷದಲ್ಲಿ ಬರುತ್ತವೆ. ಸುಮ್ನೆ ಊಹಿಸಬೇಡಿ, ಬೆರಳು ಚುಚ್ಚಿ ನೋಡಿ. ಅದಕ್ಕೂ ಮೊದಲು ಕೈ ತೊಳೆಯಿರಿ. ಬೆರಳಿಗೆ ಹಣ್ಣಿನ ರಸವೋ ಗ್ಲೂಕೋಸ್ ಪುಡಿಯೋ ಅಂಟಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. 70ಕ್ಕಿಂತ ಕೆಳಗಿದ್ದರೆ ಕರಣೆ ಕೆಳಗಿಟ್ಟು 15 ಗ್ರಾಂ ಗ್ಲೂಕೋಸ್ ತಿನ್ನಿ, 15 ನಿಮಿಷ ಕೂತು ಮತ್ತೆ ನೋಡಿ. 'ಇದೊಂದು ಮೂಲೆ ಮುಗಿಸಿ ಬಂದೆ' ಅನ್ನುವುದು ಅಗೆಯುವವರ ಚಾಳಿ. ನನಗೆ ಇನ್ನೂ ಪೂರ್ತಿ ಬಿಟ್ಟಿಲ್ಲ.

ಇನ್ನು ಫ್ರಿಜ್. ಬಳಸುತ್ತಿರುವ ಇನ್ಸುಲಿನ್ ಪೆನ್ನಿಗೆ ಅದು ಬೇಕಿಲ್ಲ. ಹೆಚ್ಚಿನ ಇನ್ಸುಲಿನ್‌ಗಳು 30 ಡಿಗ್ರಿಯೊಳಗೆ ಸುಮಾರು 28 ದಿನ ಇರುತ್ತವೆ. ನಿಮ್ಮದಕ್ಕೆ ಎಷ್ಟು ದಿನ ಅಂತ ಡಬ್ಬಿಯೊಳಗಿನ ಚೀಟಿಯಲ್ಲಿ ಓದಿಕೊಳ್ಳಿ. ನೀರಲ್ಲಿ ನೆನೆಸಿಡುವ ತಂಪು ಚೀಲ ಒಣ ಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ತೇವದ ಹವೆಯಲ್ಲಿ ಅಷ್ಟಕ್ಕಷ್ಟೇ. ಐಸಿಗೆ ತಾಗಿಸಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕಸವೇ. ಬಿಸಿಲಲ್ಲಿ ನಿಂತ ಗಾಡಿಯೊಳಗಂತೂ ಬೇಡವೇ ಬೇಡ. ಇನ್ನೂ ಬಳಸಲು ಶುರು ಮಾಡದ ಪೆನ್ನುಗಳಿಗೆ ಮಾತ್ರ 2ರಿಂದ 8 ಡಿಗ್ರಿ ಬೇಕು. ಆರು ವಾರಕ್ಕೆ ಅವು ಬೇಕೇ ಬೇಕು. ಹತ್ತಿರದಲ್ಲಿ ಎಲ್ಲಿ ಫ್ರಿಜ್ ಇದೆ ಅಂತ ಮುಖ್ಯಸ್ಥರನ್ನು ಕೇಳಬೇಕು. ಯಾಕೆ ಅಂತ ಅವರು ಕೇಳದೆ ಇರುತ್ತಾರಾ?

ಡೋಸ್ ವಿಷಯ ಹೊರಡುವ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ಮಣ್ಣು ಹೊತ್ತ ದಿನ ಶುಗರ್ ಇಳಿಯುತ್ತದೆ. ಅವತ್ತು ರಾತ್ರಿ ನಿದ್ದೆಯಲ್ಲೂ ಇಳಿಯಬಹುದು. ಮಡಕೆ ಚೂರು ತೊಳೆಯುತ್ತಾ ಕೂತ ದಿನ ಅಷ್ಟೇ ಡೋಸಿಗೆ ನನ್ನದು ಏರಿರುತ್ತಿತ್ತು. ನಾಳೆ ನನಗೆ ಯಾವ ಕೆಲಸ ಅಂತ ಹಿಂದಿನ ಸಂಜೆಯೇ ಕೇಳುವುದು ಅಲ್ಲಿಂದ ಅಭ್ಯಾಸವಾಯಿತು.

ಎರಡನೇ ವರ್ಷ ನಾನು ಹೇಳಿದೆ. ಮುಖ್ಯಸ್ಥರು ಕೇಳಿದ್ದು ಎರಡೇ: ಬಿದ್ದರೆ ಏನು ಮಾಡಬೇಕು, ಔಷಧಿ ಎಲ್ಲಿರುತ್ತದೆ? ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, ಶುಗರ್ ಏರಿಸುವ ತುರ್ತು ಔಷಧಿ ಗ್ಲೂಕಗಾನ್ ಚೀಲದ ಹೊರ ಜೇಬಲ್ಲಿದೆ, ಅದನ್ನು ಕೊಟ್ಟು ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ ಅಂದೆ. ನಿಮ್ಮ ಮುಖ್ಯಸ್ಥರು ಹೀಗೇ ಇರುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಆದರೂ ಗುಂಡಿಯಲ್ಲಿ ನಿಮ್ಮ ಜೊತೆ ಇಳಿಯುವವರಿಗಾದರೂ ಗೊತ್ತಿರಲೇಬೇಕು. ಈಗ ಗೆಳತಿ ಆಳ ಕೂಗಿದರೆ ನಾನು ಅದನ್ನು ತಿರುಗಿ ಹೇಳುತ್ತೇನೆ. ಎರಡು ಸಲ ತಪ್ಪು ಹೇಳಿದೆನೋ, ಟೇಪ್ ಬಿಟ್ಟು ಗ್ಲೂಕೋಸ್ ಡಬ್ಬಿ ಎಸೆಯುತ್ತಾಳೆ.